ಸದ್ಯಕ್ಕ ಎಫ್-ಒನ್ ಒತ್ರಿ

ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ದ್ಯಾವಪ್ಪನ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಅಂಗಡಿಗಿಂತ ಅವನ ಬಾಯಿಯೇ ದೊಡ್ಡದು ಎಂದು ಗಿರಾಕಿಗಳು ಚೇಷ್ಟೆ ಮಾಡುತ್ತಿದ್ದರು. ಆದರೆ ಕೈ ಚುರುಕು ಎಂಬುದನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ. ಸತ್ತೇಹೋಯಿತೆಂದು ಗೋಣಿಚೀಲದಲ್ಲಿ ಸುತ್ತಿ ತಂದ ಹಳೆಯ ಪೆಟ್ಟಿಗೆಗಳು ಅವನ ಮೇಜಿನ ಮೇಲೆ ಅರ್ಧ ತಾಸಿನಲ್ಲಿ ಕಣ್ಣು ಬಿಡುತ್ತಿದ್ದವು. ಅವನಿಗಿದ್ದ ಕೆಟ್ಟ ಚಾಳಿ ಒಂದೇ. ಇವತ್ತಿಗೆ ನಡೆದರೆ ಸಾಕು ಎನ್ನುವ ಕೆಲಸವನ್ನು ಅವನು ಇವತ್ತಿಗಷ್ಟೇ ಮಾಡುತ್ತಿದ್ದ.

ಎರಡು ಸಾವಿರದ ಹನ್ನೊಂದರ ಶ್ರಾವಣ. ನಾರಾಯಣಪುರದ ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟ ವಾರವೇ ದೇವಾಪುರದಿಂದ ಮೋನಮ್ಮನ ಫೋನು ಬಂತು. ಮೋನಮ್ಮ ಅವನ ಸೋದರಮಾವ ಅಂಬ್ರಪ್ಪನ ಹೆಂಡತಿ.

"ದ್ಯಾವಾ, ಮನ್ಯಾಗಿನ ಕಂಪ್ಯೂಟರ್ ಸುಮ್ನ ಕುಂಯ್ ಕುಂಯ್ ಅಂತದ, ಪಡದಿ ಮ್ಯಾಲ ಏನೂ ಬರವಲ್ದು. ನಾಡದು ಕೂಸಿಗೆ ತೊಟ್ಟಲ ಕಾರ್ಯ. ನಿಮ್ಮ ಮಾವನ ದನಿ ಅದರಾಗ ಅದ ನೋಡಪ್ಪಾ. ಜಲ್ದಿ ಬಾ."

"ನಾ ಇರೂತನಕ ನಿನಗ್ಯಾಕ ಚಿಂತಿ ಅತ್ತಿ? ನಾಳಿ ಮುಂಜಾನಿ ಬರ್ತೀನಿ," ಎಂದ ದ್ಯಾವಪ್ಪ.

ಮಾವನ ದನಿಯ ಸಂಗತಿ ಅವನಿಗೂ ಗೊತ್ತಿತ್ತು. ಅಂಬ್ರಪ್ಪ ಇಪ್ಪತ್ತೆಂಟು ವರ್ಷ ಕಾಲುವೆಯ ಗ್ಯಾಂಗ್‌ಮನ್ ಆಗಿದ್ದವನು. ನೀರು ಬಂದ ದಿನ ದಂಡೆಯ ಮೇಲೆ ನಡೆಯುತ್ತ, "ನೀರ್ ಬಂತ್ರೋ, ತೂಬ ತೆಗೀರ್ರೋ" ಎಂದು ಅವನು ಕೂಗಿದರೆ ಮೂರು ಹೊಲದಾಚೆ ಮಲಗಿದವನೂ ಸಲಿಕೆ ಹಿಡಿದು ಏಳುತ್ತಿದ್ದ. ಕೈಕೈಗೆ ಮೊಬೈಲ್ ಬಂದ ಮೇಲೂ ರೈತರು ಆ ಕೂಗು ಕೇಳದೆ ಮನೆ ಬಿಡುತ್ತಿರಲಿಲ್ಲ. ನೀರು ಕರೆದ ಬಾಯಿಂದ ಹೆಸರು ಕರೆಸಿದರೆ ಕೂಸು ತಂಪಾಗಿ ಬಾಳುತ್ತದೆ ಎಂದು ಆ ಓಣಿಯವರಿಗೆ ಯಾವಾಗಲೋ ನಂಬಿಕೆ ಕುದುರಿತು. ಅಂದಿನಿಂದ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಮೊದಲು ಹೆಸರು ಕೂಗಬೇಕಾದವನು ಅಂಬ್ರಪ್ಪ. ದ್ಯಾವಪ್ಪನ ಹೆಸರನ್ನೂ ಅವನೇ ಕೂಗಿದ್ದ.

ಹೋದ ವರ್ಷ ಯುಗಾದಿಯ ಹೊತ್ತಿಗೆ ಅವನ ಗಂಟಲಲ್ಲಿ ಹುಣ್ಣಾಯಿತು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆ ತೆಗೆಯಲೇಬೇಕು ಎಂದು ಹೈದರಾಬಾದಿನ ಡಾಕ್ಟರು ಹೇಳಿದರು. ಆಪರೇಷನ್ನಿಗೆ ನಾಲ್ಕು ದಿನ ಇರುವಾಗ ಮಗಳು ದೇವಕಮ್ಮ ಸೈದಾಪುರದ ಗಂಡನ ಮನೆಯಿಂದ ಓಡಿ ಬಂದು, ತಾನು ಕಾಲೇಜಿಗೆ ಹೋಗುವಾಗ ಕೊಂಡಿದ್ದ ಈ ಹಳೆಯ ಕಂಪ್ಯೂಟರಿಗೆ ಸಣ್ಣದೊಂದು ಮೈಕು ಸಿಕ್ಕಿಸಿ ಅಪ್ಪನನ್ನು ಮಾತಾಡಿಸಿದಳು. ಅದರೊಳಗಿನ ರೆಕಾರ್ಡರು ಒಂದು ನಿಮಿಷಕ್ಕೊಮ್ಮೆ ನಿಂತುಬಿಡುತ್ತಿತ್ತು. ಅಂಬ್ರಪ್ಪ ಅದಕ್ಕೆ ಬೈಯುತ್ತ ಬೈಯುತ್ತಲೇ ಮೂವತ್ತಾರು ತುಂಡು ಮಾತಾಡಿದ. ಹೆಂಡತಿಯನ್ನು ಕರೆದ, ಎತ್ತುಗಳನ್ನು ಕರೆದ, ನೀರು ಕರೆದ. ಕೊನೆಗೆ ಇನ್ನೂ ಹೊಟ್ಟೆಯಲ್ಲೂ ಇಲ್ಲದ ಮೊಮ್ಮಗುವನ್ನು ಕರೆದ: ಗಂಡಾದರೆ ತನ್ನ ಅಪ್ಪನ ಹೆಸರು, ಹೆಣ್ಣಾದರೆ ತನ್ನ ಅವ್ವ ಹಣಮವ್ವನ ಹೆಸರು. ಈಗ ದೇವಕಮ್ಮನಿಗೆ ಹೆಣ್ಣು ಕೂಸು ಹುಟ್ಟಿತ್ತು, ಬಾಣಂತಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಳು.

ದ್ಯಾವಪ್ಪ ಹೋದಾಗ ಅಂಬ್ರಪ್ಪ ಪಡಸಾಲೆಯ ಹೊರಸಿನ ಮೇಲೆ ಕೂತಿದ್ದ. ಕುತ್ತಿಗೆಯ ತೂತಿಗೆ ಬಿಳಿ ಅರಿವೆ ಕಟ್ಟಿತ್ತು. ಸೋದರಳಿಯನನ್ನು ಕಂಡದ್ದೇ ಕೋಲಿನಿಂದ ಹೊರಸಿನ ಕಾಲಿಗೆ ಎರಡು ಸಲ ಬಡಿದ. ಬಾ ಎನ್ನುವುದು ಈಗ ಹಾಗೆ.

ಪೆಟ್ಟಿಗೆ ಬಿಚ್ಚಿದರೆ ಒಳಗೆ ಹೊಟ್ಟಿನಂಥ ಧೂಳು. ಊದಿ, ಬ್ರಷ್ಷಿನಿಂದ ಬಳಿದು, ರ್ಯಾಮಿನ ಪಟ್ಟಿ ಕಿತ್ತು ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಕೂಗು ನಿಂತಿತು, ಪರದೆ ಬೆಳಗಿತು. ಎಫ್-ಒನ್ ಗುಂಡಿ ಒತ್ತಿದರೆ ಮುಂದೆ ಹೋಗುತ್ತೇನೆ ಎಂಬ ಸಾಲು ಬಂತು. ದ್ಯಾವಪ್ಪ ಓದಲೂ ಇಲ್ಲ, ಒತ್ತಿದ. ಪರದೆಯ ಮೂಲೆಯ ಗಡಿಯಾರ ತಪ್ಪು ತಾರೀಖು ತೋರಿಸುತ್ತಿತ್ತು. ಅದನ್ನೂ ರೂಢಿಯ ಮೇಲೆ ಸರಿಮಾಡಿ ಮುಂದೆ ಹೋದ. ಹಳೆಯ ಕಂಪ್ಯೂಟರುಗಳಲ್ಲಿ ಇವೆಲ್ಲ ನೆಗಡಿ ಇದ್ದ ಹಾಗೆ, ಯಾರು ಗಮನ ಕೊಡುತ್ತಾರೆ?

ಮೋನಮ್ಮ ಕೈ ಮುಗಿದಳು. "ಎದ್ದಿತಲ್ಲ! ಮೊದಲ ಅವರ ದನಿ ಹಚ್ಚು."

ಹಚ್ಚಲು ಸ್ಪೀಕರು ಮಾತಾಡಬೇಕಲ್ಲ? ದನಿ ಹೊರಡಿಸುವ ಪ್ರೋಗ್ರಾಮು, ಸೌಂಡಿನ ಡ್ರೈವರು, ಕೆಟ್ಟಿತ್ತು. ತಂದಿದ್ದ ಸಿಡಿ ಹಾಕಿದರೆ ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಹಟ ಹಿಡಿಯಿತು. ಅಂಬ್ರಪ್ಪ ಕೋಲು ಬಡಿದ. ಮೊದಲು ತನ್ನ ಗಂಟಲು ತೋರಿಸಿದ, ಆಮೇಲೆ ಪೆಟ್ಟಿಗೆ ತೋರಿಸಿದ.

"ಅದನ್ನ ಮಾಡಾಕತ್ತೀನಿ ಮಾವಾ. ಅವಸರ ಮಾಡಬ್ಯಾಡ. ಮೊದಲ ಒಂದೀಟು ಕಸ ಹೊಡೀತೀನಿ, ಆಮ್ಯಾಲ ನಿನ್ನ ದನಿ ದೇವಾಪುರಕ್ಕೆಲ್ಲ ಕೇಳಸ್ತೀನಿ."

ಕಸ ಹೊಡೆಯುವುದಕ್ಕೆ ಅವನದೊಂದು ಪದ್ಧತಿ ಇತ್ತು. ಫೈಲುಗಳನ್ನು ತಾರೀಖಿನ ಸಾಲಿಗೆ ನಿಲ್ಲಿಸುವುದು, ತೀರ ಹಳೆಯವನ್ನು ಹಿಡಿದು ಎಸೆಯುವುದು. ಅವನು ಬೇಜವಾಬ್ದಾರಿ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಮಾವ ಮಾತಾಡಿದ್ದು ಎರಡು ಸಾವಿರದ ಹತ್ತರಲ್ಲಿ, ಆ ವರ್ಷದ್ದೇನನ್ನೂ ಮುಟ್ಟಬಾರದು ಎಂದು ಗಟ್ಟಿ ಮಾಡಿಕೊಂಡ. ಆ ವರ್ಷದಲ್ಲಿ ಹಾಡಿನ ಗುರುತಿನ ಫೈಲುಗಳು ಇಪ್ಪತ್ತು-ಮೂವತ್ತು ಕಂಡವು. ಇವೇ ಎಂದುಕೊಂಡ. ಮೇಲ್ತುದಿಯಲ್ಲಿ ಎರಡು ಸಾವಿರದ ಎರಡರ, ಹೆಸರಿಲ್ಲದೆ ಬರೀ ಅಂಕಿ ಹೊತ್ತ ಒಂದು ದೊಡ್ಡ ಹಿಂಡು ಇತ್ತು.

"ಅತ್ತಿ, ಒಂಬತ್ತು ವರ್ಷದ ಹಿಂದಿನವು ಒಂದಿಷ್ಟು ಅವ. ತೆಗೀಲೇನು?"

"ಆವಾಗ ಈ ಡಬ್ಬಿ ನಮ್ಮ ಮನಿಗೇ ಬಂದಿದ್ದಿಲ್ಲಪ್ಪ. ಯಾರವೋ ಏನೋ, ತೆಗಿ ಅತ್ಲಾಗ."

ತೆಗೆದ. ಕಸದ ಬುಟ್ಟಿಗೆ ಹೋಗಿ ಅಲ್ಲೂ ಜಾಗ ತಿನ್ನದಿರಲಿ ಎಂದು ಒಂದೇ ಏಟಿಗೆ ಪೂರ್ತಿ ಅಳಿಸಿದ. ಡ್ರೈವರು ಕೂತಿತು. ದನಿ ಆಮೇಲೆ ಹಚ್ಚಿದರಾಯಿತು, ಇಷ್ಟು ಮಾಡಿದವನು ಇನ್ನಿಷ್ಟು ಮಾಡಲಿ ಎಂಬ ಉಮೇದು ಬಂದು ಡಿಫ್ರಾಗ್ ಓಡಿಸಿದ. ಡಿಸ್ಕಿನಲ್ಲಿ ಚೆಲ್ಲಾಪಿಲ್ಲಿ ಬಿದ್ದ ಫೈಲುಗಳನ್ನು ಎತ್ತಿ ಖಾಲಿ ಜಾಗಕ್ಕೆಲ್ಲ ಒತ್ತೊತ್ತಾಗಿ ಜೋಡಿಸುವ ಕೆಲಸ ಅದು. ಮುಗಿಯುವತನಕ ಊಟ ಮಾಡಿದ. ಮೋನಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅಂಬ್ರಪ್ಪ ಅಳಿಯನ ಬೆನ್ನು ಸವರಿ ಖುಷಿಪಟ್ಟ.

ಉಂಡು ಕೈ ತೊಳೆದ ಮೇಲೆ, ಮುಚ್ಚಳ ಹಾಕುವ ಮುಂಚೆ, ದ್ಯಾವಪ್ಪನಿಗೆ ಇನ್ನೊಂದು ಉಪಕಾರ ಮಾಡುವ ಮನಸ್ಸಾಯಿತು. ಮದರ್‌ಬೋರ್ಡಿನ ಮೇಲಿನ ರೂಪಾಯಿ ಬಿಲ್ಲೆಯಂಥ ಸೆಲ್ಲು ಸತ್ತಿತ್ತು. ಚೀಲದಲ್ಲಿ ಹೊಸದಿತ್ತು. ಹಳೆಯದನ್ನು ಉಗುರಿನಿಂದ ಮೀಟಿ ತೆಗೆಯುತ್ತ, "ಇದು ಯಾವಾಗಿಂದ ಹಿಂಗದ ಅತ್ತಿ?" ಎಂದು ಸುಮ್ಮನೆ ಕೇಳಿದ.

"ಅಯ್ಯ, ಮೂರು ವರ್ಷದ ಹಿಂದ ನಾನ ಫೋನ್ ಮಾಡಿದ್ದೆನಲ್ಲ? ಸದ್ಯಕ್ಕ ಎಫ್-ಒನ್ ಒತ್ರಿ, ನಡೀತದ, ಬಂದಾಗ ಸೆಲ್ ಹಾಕ್ತೀನಿ ಅಂದಿದ್ದಿ. ಅವತ್ತಿಂದ ಒತ್ತಾಕತ್ತೀವಿ. ದೇವಕೀನೂ ಅಪ್ಪನ ದನಿ ತುಂಬುವಾಗ ಒತ್ತೇ ತುಂಬಿದ್ಲು."

ಸೆಲ್ಲು ಅವನ ಬೆರಳುಗಳ ನಡುವೆಯೇ ಉಳಿಯಿತು. ಪಂಪ್‌ಸೆಟ್ಟುಗಳ ದೆಸೆಯಿಂದ ಆ ಊರಲ್ಲಿ ಕರೆಂಟು ಏರಿಳಿಯುತ್ತದೆ ಎಂದು ಈ ಮನೆಯಲ್ಲಿ ಕೆಲಸ ಮುಗಿದ ಕೂಡಲೇ ಮೇನ್ ಸ್ವಿಚ್ಚನ್ನೇ ಆರಿಸುತ್ತಿದ್ದರು. ಸೆಲ್ಲು ಸತ್ತ ಕಂಪ್ಯೂಟರಿಗೆ ಕರೆಂಟು ಹೋದರೆ ತಾರೀಖಿನ ನೆನಪೂ ಹೋಗುತ್ತದೆ. ಎಫ್-ಒನ್ ಒತ್ತಿ ಎಬ್ಬಿಸಿದಾಗಲೆಲ್ಲ ಅದು ತಾನು ಹುಟ್ಟಿದ ದಿನದಿಂದಲೇ ಎಣಿಸಲು ಶುರುಮಾಡುತ್ತದೆ. ಈ ಕಂಪ್ಯೂಟರಿಗೆ ಆ ದಿನ ಎರಡು ಸಾವಿರದ ಎರಡರ ಜನವರಿ ಒಂದು. ಮೂರು ವರ್ಷದಿಂದ ಈ ಮನೆಯವರು ಅದರಲ್ಲಿ ಏನು ಉಳಿಸಿದ್ದರೂ ಅದೆಲ್ಲ ಎರಡು ಸಾವಿರದ ಎರಡರದ್ದೇ.

ದ್ಯಾವಪ್ಪ ಹೊಸ ಸೆಲ್ಲನ್ನು ಒತ್ತಿ ಕೂರಿಸಿ ಕಂಪ್ಯೂಟರು ಹಚ್ಚಿದ. ಎರಡು ಸಾವಿರದ ಹತ್ತರ ಒಂದು ಫೈಲು ಒತ್ತಿದ. ಸ್ಪೀಕರಿನಿಂದ ಸಿನಿಮಾ ಹಾಡು ಬಂತು. ಇನ್ನೊಂದು ಒತ್ತಿದ, ಅದೂ ಹಾಡೇ. ದೇವಕಮ್ಮನ ಗಂಡ ಯಾವಾಗಲೋ ಪೆನ್‌ಡ್ರೈವಿನಿಂದ ತುಂಬಿದ್ದ ಹಾಡುಗಳು ತಮ್ಮ ತಾರೀಖನ್ನು ತಾವೇ ಹೊತ್ತು ಬಂದಿದ್ದವು. ಒಂದಾದ ಮೇಲೊಂದು ಇಪ್ಪತ್ತೆಂಟನ್ನೂ ಒತ್ತಿದ. ಹೊರಸಿನ ಮೇಲೆ ಅಂಬ್ರಪ್ಪ ಮುಂದಕ್ಕೆ ಬಾಗಿ, ಕಿವಿಗೆ ಕೈ ಹಚ್ಚಿ ಕಾಯುತ್ತ ಕೂತಿದ್ದ.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರೆ. ಇವನು ಅದೂ ಮಾಡಲಿಲ್ಲ, ಇದ್ದ ಮೂರ್ತಿಯನ್ನೇ ಒಡೆದ. ಡಿಸ್ಕು ತಾನಾಗಿ ಕೆಟ್ಟಿತು ಎಂದು ಒಂದು ಸುಳ್ಳು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದ ಆ ಸುಳ್ಳನ್ನು ಅವನು ನುಂಗಿದ. ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕಾದರೆ ಇದು ಅವುಗಳಲ್ಲಿ ಒಂದು.

"ಮಾವಾ, ನಿನ್ನ ದನಿ ನಾನ ಅಳಿಸಿಬಿಟ್ಟೆ."

ಮೋನಮ್ಮನಿಗೆ ಅರ್ಥವಾಗಲಿಲ್ಲ. "ಅಳಿಸಿದ್ರ ಮತ್ತ ತೆಗಿಯಲ್ಲ. ನೀ ರಿಪೇರಿ ಮಾಡಾಂವ ಅಲ್ಲೇನು?"

ಅಂಬ್ರಪ್ಪನಿಗೆ ಅರ್ಥವಾಯಿತು. ಕಿವಿಗೆ ಹಚ್ಚಿದ್ದ ಕೈಯನ್ನು ಅವನು ಮೆಲ್ಲಗೆ ಕೆಳಗಿಳಿಸಿದ.

ಡಿಸ್ಕು ಬಿಚ್ಚಿಕೊಂಡು ದ್ಯಾವಪ್ಪ ಸಿಕ್ಕ ಬಸ್ಸು ಹತ್ತಿ ಯಾದಗಿರಿಗೆ ಹೋದ. ಅಲ್ಲಿ ಸ್ಟೇಷನ್ ರಸ್ತೆಯ ವಹಾಬ ಅವನಿಗೆ ಈ ವಿದ್ಯೆ ಕಲಿಸಿದವನು, ಅಳಿಸಿದ್ದನ್ನು ಹುಡುಕಿ ತೆಗೆಯುವುದರಲ್ಲಿ ಗಟ್ಟಿಗ. ಸಂಜೆಯತನಕ ಹುಡುಕಿದ ವಹಾಬ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಬರೇ ಅಳಿಸಿದ್ದಿ ಅಂದ್ರ ತೆಗೀತಿದ್ದೆ ಭಾಯ್. ಮ್ಯಾಲ ಡಿಫ್ರಾಗ್ ಯಾಕ ಓಡಿಸಿದಿ? ಆ ಜಾಗದ ಮ್ಯಾಲೆಲ್ಲ ಬ್ಯಾರೇ ಫೈಲ್ ಬಂದು ಕುಂತಾವ."

"ಕೆಲಸ ಪೂರಾ ಮಾಡೂಣು ಅಂತ ಉಸ್ತಾದ್."

"ಸೆಲ್ ಹಾಕಾಕ ಮೂರು ವರ್ಷ ತಗೊಂಡಾಂವ ಇದನ್ನ ಪೂರಾ ಮಾಡಿದಿ ನೋಡು," ಎಂದ ವಹಾಬ. ಬೈದದ್ದಲ್ಲ, ಆದರೂ ಆ ಮಾತು ದ್ಯಾವಪ್ಪನಿಗೆ ಶಹಾಪುರ ಮುಟ್ಟುವತನಕ ಚುಚ್ಚುತ್ತಲೇ ಇತ್ತು. ಎಷ್ಟು ಮನೆಗಳಿಗೆ ಅವನು ಸದ್ಯಕ್ಕೆ ಎಫ್-ಒನ್ ಒತ್ತಿರಿ ಎಂದು ಹೇಳಿದ್ದ! ಸೆಲ್ಲು ಹಾಕಲು ಬೇಕಾದದ್ದು ಎರಡು ನಿಮಿಷ. ಆ ಎರಡು ನಿಮಿಷವನ್ನು ಅವನು ಅಂದು ಸೋಮಾರಿತನದಿಂದ ಉಳಿಸಿಕೊಂಡಿದ್ದ. ಅದಕ್ಕೆ ಇಂದು ಮಾವನ ಮೂವತ್ತಾರು ನಿಮಿಷ ಹೋಯಿತು.

ತೊಟ್ಟಿಲ ಕಾರ್ಯಕ್ಕೆ ಹೋಗುವುದೋ ಬೇಡವೋ ಎಂದು ಒದ್ದಾಡಿ ಕೊನೆಗೆ ಹೋದ. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ದೇವಕಮ್ಮ ಅವನ ಮುಖ ನೋಡಲಿಲ್ಲ, ಮಾತಾಡಿಸಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು. ಕೂಸನ್ನು ತೊಟ್ಟಿಲಿಗೆ ಹಾಕಿದರು. ಹೆಸರು ಕೂಗುವ ಹೊತ್ತು ಬಂದಾಗ ಎಲ್ಲರೂ ಅಂಬ್ರಪ್ಪನತ್ತ ತಿರುಗಿದರು. ಮೂಲೆಯ ಕಂಪ್ಯೂಟರಿನ ಮೇಲೆ ಮೋನಮ್ಮ ಹಳೆಯ ಟವೆಲು ಹೊದಿಸಿದ್ದಳು.

ಅಂಬ್ರಪ್ಪ ಕೋಲು ಎರಡು ಸಲ ಬಡಿದು, ಬಾಗಿಲಲ್ಲಿ ನಿಂತಿದ್ದ ಅಳಿಯನತ್ತ ಬೆರಳು ಮಾಡಿದ.

"ನೀ ಕರೀಬೇಕಂತ," ಎಂದಳು ಮೋನಮ್ಮ. "ಸೋದರಳಿಯಗ ಮಾವನ ದನಿ ಬರ್ತದ ಅಂತಾರ. ಬಾ, ಕರಿ."

ದ್ಯಾವಪ್ಪ ತೊಟ್ಟಿಲ ಮುಂದೆ ಕೂತ. ಅಂಬ್ರಪ್ಪ ಪಕ್ಕಕ್ಕೆ ಸರಿದು, ತನ್ನ ದಪ್ಪ ಅಂಗೈಯನ್ನು ಅಳಿಯನ ಗಂಟಲಿನ ಮೇಲೆ ಇಟ್ಟ. ಪೈಪಿಗೆ ನೀರು ಬಂತೋ ಇಲ್ಲವೋ ಎಂದು ಕೈಯಿಟ್ಟು ನೋಡುತ್ತಾರಲ್ಲ, ಹಾಗೆ. ಚಿಕ್ಕವನಿದ್ದಾಗ ದಂಡೆಯ ಮೇಲೆ ಕೇಳಿದ್ದ ಕೂಗನ್ನು ನೆನಪಿಸಿಕೊಂಡು, ಆ ಏರು, ಆ ಎಳೆತ ಎಲ್ಲವನ್ನೂ ತರಲು ನೋಡಿ ದ್ಯಾವಪ್ಪ ಕೂಗಿದ:

"ಹಣಮವ್ವೋ... ಹಣಮವ್ವಾ..."

ಕೂಸು ಬೆಚ್ಚಿಬಿದ್ದು ಅತ್ತಿತು. ಹೆಂಗಸರು ನಕ್ಕರು. "ಥೇಟ್ ಅಂಬ್ರಪ್ಪಣ್ಣನ ದನೀನ ನೋಡ್ರಿ," ಎಂದು ಯಾರೋ ಅಂದರು, ಉಳಿದವರೂ ಹೌದು ಹೌದೆಂದರು.

ಅಂಬ್ರಪ್ಪ ಇನ್ನೂ ಸ್ವಲ್ಪ ಹೊತ್ತು ಅಂಗೈಯನ್ನು ಅಲ್ಲಿಯೇ ಇಟ್ಟುಕೊಂಡಿದ್ದ. ಆಮೇಲೆ ತೆಗೆದು, ಅಳಿಯನ ಮುಖ ನೋಡಿ, ಮತ್ತಾರಿಗೂ ಕಾಣದಂತೆ, ಅಲ್ಲ ಎಂದು ತಲೆಯಾಡಿಸಿದ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ದ್ಯಾವಪ್ಪನಿಗೆ ಅಲ್ಲಿಂದ ಎದ್ದು ಹೋಗುವುದು ಅಷ್ಟು ಕಷ್ಟವಾಗುತ್ತಿರಲಿಲ್ಲ.