ಸೀತಾಳೆಗೆ ಸಗಣಿ

ಬಿಳಿಗೆರೆಯ ತೋಂಟದಾರ್ಯನವರು ತೋಟದ ಬದುವಿನ ಹೊಂಗೆ ಮರಕ್ಕೆ ಆಳು ಹುಚ್ಚರಂಗಯ್ಯನನ್ನು ಹತ್ತಿಸಿ ಬಂದಳಿಕೆ ಕೀಳಿಸುತ್ತಿದ್ದಾಗ, ಅವರ ತಮ್ಮನ ಸೊಸೆ ಜೀವಿತಾ ಓಡಿಬಂದಳು.

"ಮಾವ, ಆ ಗಿಡ ಕೀಳಿಸ್ಬೇಡಿ. ಅದು ಬಂದಳಿಕೆ ಅಲ್ಲ, ಸೀತಾಳೆ. ಆರ್ಕಿಡ್ ಅಂತಾರಲ್ಲ, ಅದು."

"ಮರದ ಮೇಲೆ ಹುಟ್ಟಿದ್ದೆಲ್ಲ ಬಂದಳಿಕೆನೇ ಕಣಮ್ಮ. ರಸ ಹೀರ್ಬುಡುತ್ತೆ."

ಅವಳು ಬಿಡದೆ ತೋರಿಸಿಕೊಟ್ಟಳು. ಬಂದಳಿಕೆಯ ಎಲೆ ಅಗಲ, ಬುಡ ಕೊಂಬೆಯೊಳಗೇ ಹೂತಿರುತ್ತದೆ. ಇದರ ಎಲೆಯೋ ಪಟ್ಟಿಯಂತೆ ಉದ್ದ, ದಪ್ಪ, ಎಡಕ್ಕೊಂದು ಬಲಕ್ಕೊಂದು ಜೋಡಿಸಿದ ಹಾಗೆ. ತುದಿ ಇಲಿ ಕಚ್ಚಿದಂತೆ. ಬಿಳಿ ಬೇರು ತೊಗಟೆಯನ್ನು ಅಪ್ಪಿಕೊಂಡಿರುತ್ತದೆ ಅಷ್ಟೆ, ಮರದಿಂದ ಏನನ್ನೂ ಕದಿಯುವುದಿಲ್ಲ.

ಎಲೆಯಿಂದ ಇದು ವಾಂಡಾ ಎಂಬ ಕುಲದ ಸೀತಾಳೆ ಎಂದು ಅವಳಿಗೆ ತಿಳಿದಿತ್ತು. ಯಾವ ವಾಂಡಾ ಎನ್ನುವುದು ಹೂ ಬಿರಿಯದೆ ಗೊತ್ತಾಗುವಂತಿರಲಿಲ್ಲ. ಹೋದ ವರ್ಷ ಮೊಗ್ಗನ್ನು ಮಂಗ ತಿಂದಿತ್ತು. ಈ ವರ್ಷ ಮತ್ತೆ ಮೊಗ್ಗು ಬಂದಿತ್ತು.

"ಇನ್ನೊಂದು ವಾರ ಬುಡಿ ಮಾವ. ಹಳದಿ ಹೂವೋ, ಕಂದು ಬಲೆ ನೇಯ್ದಂಥ ಹೂವೋ ನೋಡ್ಬೇಕು."

"ನಮ್ ಬೀಗ್ರು ಮನೆ ಮುಂದೆ ನೇತಾಕವ್ರಲ್ಲ, ಆ ಆರ್ಕಿಡ್ಡಾ?" ತೋಂಟದಾರ್ಯನವರು ಕತ್ತೆತ್ತಿ ನೋಡಿದರು. "ಅಂಗಾರೆ ಇಳಿಯಪ್ಪ ಹುಚ್ಚರಂಗಯ್ಯ."

ಜೀವಿತಾ ನೆಮ್ಮದಿಯಿಂದ ತವರಿಗೆ, ಹಂದನಕೆರೆಗೆ ಹೋದಳು. ವಾರ ಕಳೆದು ಬಂದಾಗ ಹೊಂಗೆ ಮರದಲ್ಲಿ ಸೀತಾಳೆ ಇರಲಿಲ್ಲ. ಮಾವನ ಮನೆ ಗೇಟಿನಲ್ಲೇ ನಾತ ಮೂಗಿಗೆ ಬಡಿಯಿತು.

ಜಗಲಿಯುದ್ದಕ್ಕೂ ಕಾಯಿಮಟ್ಟೆಗಳನ್ನು ತಂತಿಯಲ್ಲಿ ನೇತುಹಾಕಿ, ಒಳಗೆ ಸೀತಾಳೆಗಳನ್ನು ಕೂರಿಸಿ, ತೆಂಗಿನ ಸಸಿಗೆ ಹಾಕುವ ಹಾಗೆ ಹಸಿ ಸಗಣಿ, ಬೇವಿನ ಹಿಂಡಿ ಮೆತ್ತಿದ್ದರು. ಗಾಳಿಯಲ್ಲಿ ಬದುಕುವ ಬೇರು ಕಪ್ಪಗೆ ಕರಗಿ ಲೋಳೆಯಾಗಿತ್ತು. ಎಲೆಯ ಸಂದಿಯಿಂದ ಬಿಳಿ ಹುಳುವೊಂದು ಉದುರಿ ಅವಳ ಚಪ್ಪಲಿಯ ಮೇಲೆ ಹೊರಳಾಡಿತು.

"ಬದು ಮೇಲೆ ಒಂದೂ ಬುಟ್ಟಿಲ್ಲ ಕಣಮ್ಮ," ಎಂದರು ತೋಂಟದಾರ್ಯನವರು. "ಹಾಲ್ಕುರಿಕೆ ದಾರಿ ಮಾವಿನ ಮರದಾಗಿದ್ದವ್ನೂ ತರಿಸ್ದೆ. ನೀನು ಹೇಳ್ದಂಗೆ ಎಲೆ ನೋಡ್ಕಂಡೇ ಕೀಳಿಸಿದ್ದು. ಬಂದಳಿಕೆ ಒಂದೂ ಬೆರ್ತಿಲ್ಲ."

ಅದೂ ನಿಜವೇ. ಬಂದಳಿಕೆ ಮರಗಳಲ್ಲಿ ಸೊಂಪಾಗಿ ಉಳಿದಿದ್ದನ್ನು ಅವಳು ಬರುವಾಗ ನೋಡಿದ್ದಳು.

"ನಾಡಿದ್ದು ಬೀಗ್ರು ಬತ್ತಾರೆ. ಇದ್ರ ಹೆಸರೇನು ಹೇಳು, ಬೋರ್ಡ್ ಬರೆಸ್ತೀನಿ."

ಅವಳು ಮೊಗ್ಗೊಂದನ್ನು ಚಿವುಟಿ ಬಿಡಿಸಿದಳು. ಹಳದಿಯೂ ಇಲ್ಲ, ಬಲೆಯೂ ಇಲ್ಲ. ಕೊಳೆತ ಬದನೆಯ ತಿರುಳಿನಂಥದ್ದು ಬೆರಳಿಗೆ ಅಂಟಿತು.

"ಗೊತ್ತಾಗಲ್ಲ ಮಾವ."

"ಅಷ್ಟೊಂದು ಹೇಳ್ತಿದ್ದೆ, ಇಷ್ಟು ಗೊತ್ತಾಗಲ್ವಾ? ಹೋಗ್ಲಿ ಬುಡು. ಕೈ ತೊಳ್ಕಂಡು ಬಾ, ಕಾಫಿ ಕುಡಿಯಂತೆ."

ಸೋಪು ಹಾಕಿ ತಿಕ್ಕಿದರೂ ವಾಸನೆ ಹೋಗಲಿಲ್ಲ. ಜೀವಿತಾ ಲೋಟವನ್ನು ಬಾಯಿಯ ತನಕ ತಂದವಳು ಹಾಗೇ ಕೆಳಗಿಟ್ಟು ಎದ್ದು ಹೋದಳು.