ಪೈಪಿನವರ ಸಂಘ

"ಈ ಸಂಘ ಕಟ್ಟಿದಾಕಿ ನಾನ. ಸಾವಕಾರನ ಕುತ್ತಿಗಿ ಹಿಡದು ನೆಲಾ ಬಿಟ್ಟು ಒಂದ ಮೊಳ ಎತ್ತಿದ್ದೆ. ಹೂಂ ಅಂದಮ್ಯಾಲ ಇಳಿಸಿದೆ," ಎಂದಳು ರಾಚವ್ವ, ಮಿಲ್ಲಿನ ಅಂಗಳದಲ್ಲಿ ಚೆಲ್ಲಿದ್ದ ಹತ್ತಿ ಬಳಿಯುತ್ತ.

"ಸುಳ್ಳ ಹೇಳಿದ್ರ ನಾಲಿಗಿ ಸುಡತೈತಿ ನೋಡ್ರಿ ಅತ್ತಿ," ಎಂದಳು ಸೊಸೆ ಗಂಗಾ.

"ಆತವಾ, ಅರ್ಧಾ ಸುಳ್ಳ. ಕುತ್ತಿಗಿ ಹಿಡದಿಲ್ಲ. ಉಳದದ್ದು ಖರೆ."

ಉಳಿದದ್ದು ನಿಜವೇ. ಬೈಲಹೊಂಗಲದ ಈ ಜಿನ್ನಿಂಗ್ ಮಿಲ್ಲಿನಲ್ಲಿ ಬೆಂಕಿ ಆರಿಸುವ ಕೂಲಿಗಳಿಗೆ ಪೈಪಿನವರು ಎಂದೇ ಹೆಸರು. ರಾಚವ್ವನ ಗಂಡ ಪರಸಪ್ಪನೂ ಪೈಪಿನವನೇ. ಗೋದಾಮಿನಲ್ಲಿ ಒತ್ತಿ ಕಟ್ಟಿಟ್ಟ ಹತ್ತಿ ಅಂಡಿಗೆಯೊಂದು ಒಳಗೊಳಗೇ ಹೊಗೆಯಾಡಿದಾಗ, ನೀರು ಬಿದ್ದರೆ ಮಾಲು ಕೆಡುತ್ತದೆಂದು ಸಾವಕಾರ ಬಸವಲಿಂಗ ಅವನನ್ನು ಬರಿಗೈಯಲ್ಲಿ ಒಳಗೆ ಕಳಿಸಿದ್ದ. ಎಳೆಯುತ್ತಲೇ ಅಂಡಿಗೆಯ ಪಟ್ಟಿ ಹರಿಯಿತು. ಗಾಳಿ ಸಿಕ್ಕ ಬೆಂಕಿ ಬಾಯಿ ತೆರೆಯಿತು. ರಾಚವ್ವ ಗಂಡನ ಹೆಣವನ್ನು ಗೇಟಿಗೆ ಅಡ್ಡ ಇಟ್ಟು ಕುಳಿತಳು. ಪೈಪಿನವರೆಲ್ಲ ಸುತ್ತ ಕುಳಿತರು. ಲಾರಿಗಳು ಕಿತ್ತೂರಿನ ತನಕ ನಿಂತಿದ್ದವಂತೆ. ಇದು ಅವಳ ಲೆಕ್ಕ. ಕೊನೆಗೆ ಸಾವಕಾರ ಒಪ್ಪಿದ. ಮೊದಲು ನೀರು, ಆಮೇಲೆ ಮನುಷ್ಯ. ಸಂಘಕ್ಕೆ ಇದೊಂದೇ ಕಾನೂನು.

ಗೋದಾಮಿನ ಕಡೆಯಿಂದ ಸುಟ್ಟ ಅರಿವೆಯ ವಾಸನೆ ಬಂತು. ರಾಚವ್ವ ಪೊರಕೆ ಎಸೆದು ಓಡಿದಳು.

ಬಾಗಿಲಿಗೆ ಅಡ್ಡ ಸಾವಕಾರ ನಿಂತಿದ್ದ. ಎದುರಿಗೆ ಪೈಪು ಹಿಡಿದ ದುರ್ಗಪ್ಪ, ಪಕ್ಕದಲ್ಲಿ ಅವಳ ಮಗ ಸುನೀಲ.

"ನೀರ ಬಿಟ್ಟಿ ಅಂದ್ರ ಕೈ ಕಡಿತೇನಿ, ಬೋಳಿಮಗನ. ಹಸಿ ಹತ್ತಿ ನಿಮ್ಮಪ್ಪ ತಗೋತಾನೇನು? ಏ ಸುನ್ಯಾ, ಒಳಗ ಹೋಗಿ ಅಂಡಿಗಿ ಎಳಕೊಂಡ ಬಾ."

"ಸಂಘದ ಮಾತ ಹಂಗಿಲ್ಲರೀ," ಎಂದ ದುರ್ಗಪ್ಪ.

"ಹೊಟ್ಟಿಗೆ ನಾ ಹಾಕತೇನೋ, ಸಂಘ ಹಾಕತೈತೋ? ಇವರಪ್ಪ ಗಂಡಸ ಇದ್ದ, ತಿರಗಿ ಮಾತಾಡಲಿಲ್ಲ. ಇಂವಾ ನೋಡು, ಬಳಿ ಇಟಗೊಂಡ ನಿಂತಾನ."

ಸುನೀಲ ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡು ಹೊಸ್ತಿಲಿಗೆ ಕಾಲಿಟ್ಟ. ರಾಚವ್ವ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು.

"ನಿಮ್ಮಪ್ಪನ ಗಂಡಸ್ತನ ನಾ ಚಾದರದಾಗ ಕಟಗೊಂಡ ಮನಿಗೆ ಒಯ್ದೇನಿ. ಸುಮ್ಮ ನಿಂದರ."

ದುರ್ಗಪ್ಪನ ಕೈಯಿಂದ ಪೈಪು ಕಸಿದು, ಅದರ ಮೂತಿಯನ್ನು ಸಾವಕಾರನ ಎದೆಗೆ ನೇರ ಹಿಡಿದಳು.

"ಸರೀರಿ ಸಾವಕಾರ್ರ."

"ಏ ಮುಂಡಿ, ನಾಳಿಂದ ನಿಮ್ಮ ಮನ್ಯಾವರು ಯಾರೂ ಗೇಟಿನೊಳಗ ಬರಂಗಿಲ್ಲ."

"ನಾಳಿ ಗೇಟ ಉಳದ್ರ ಮಾತಾಡೂಣು. ದುರ್ಗಪ್ಪಾ, ನೀರ ಬಿಡು."

ದುರ್ಗಪ್ಪ ಅಂಗಳ ದಾಟಿ ಹೋಗಿ ನಳದ ಚಕ್ರಕ್ಕೆ ಕೈ ಹಾಕಿದ. ಹಾಕಿದವನು ಸಾವಕಾರನ ಮುಖ ನೋಡುತ್ತ ಹಾಗೆಯೇ ನಿಂತುಬಿಟ್ಟ. ಬಿಳಿ ಇದ್ದ ಹೊಗೆ ಕಪ್ಪಾಗುತ್ತಿತ್ತು. ಸುನೀಲ ಹೋಗಿ ಅವನ ಕೈಯ ಮೇಲೆ ತನ್ನ ಕೈ ಇಟ್ಟ. ಚಕ್ರ ಕಿರುಗುಟ್ಟಿತು. ಚಪ್ಪಟೆ ಬಿದ್ದಿದ್ದ ಪೈಪು ಆ ತುದಿಯಿಂದ ಉಬ್ಬುತ್ತ, ಉಬ್ಬುತ್ತ ರಾಚವ್ವನತ್ತ ಬಂತು.

ಸಾವಕಾರ ಸರಿದಿರಲಿಲ್ಲ. ಸರಿದನೋ, ತೊಯ್ದನೋ, ನೀವೇ ಹೇಳಿ ನೋಡೋಣ.