ನಾಲ್ಕನೆಯ ಯಮ

ಮದುವೆಯಾಗಿ ಮೂರು ವರ್ಷವಾದರೂ ಜಯದೇವಿಗೆ ಮಕ್ಕಳಾಗಿರಲಿಲ್ಲ. ಅತ್ತೆ ಶಿವಗಂಗಮ್ಮ ದಿನವೂ ಬೆಳಿಗ್ಗೆ ಬಸವೇಶ್ವರನಗರದ ಮನೆಯ ಜಗಲಿಯಲ್ಲಿ, ಅಕ್ಕಪಕ್ಕದವರ ಎದುರಿಗೇ, ಸೊಸೆಗೆ ಕಷಾಯ ಕುಡಿಸುತ್ತಿದ್ದರು. ಅವಳು ಲೋಟ ಬರಿದು ಮಾಡುತ್ತಿದ್ದಳು. ಗಂಡ ಚನ್ನಮಲ್ಲಪ್ಪ ಮೊದಲ ದಿನದಿಂದಲೂ ಬೆನ್ನುನೋವೆಂದು ಗೋಡೆಯ ಬದಿಗೆ ಬೇರೆ ಚಾಪೆ ಹಾಸಿಕೊಳ್ಳುವುದನ್ನು ಅತ್ತೆಗೆ ಯಾವ ಬಾಯಿಂದ ಹೇಳುವುದು? ತನ್ನ ಕಪ್ಪು ಬಣ್ಣ ಅವನಿಗೆ ಹಿಡಿಸಿಲ್ಲ ಎಂದೇ ಅವಳು ತಿಳಿದಿದ್ದಳು.

ಸರ್ಕಾರಿ ಕಚೇರಿಯ ಗುಮಾಸ್ತನಾದ ಅವನು ನಸುಕಿನಲ್ಲೇ ಸೈಕಲ್ ಹತ್ತಿ ರಾಜಾಜಿನಗರಕ್ಕೆ, ಏಕಾಂತಯ್ಯನವರ ಬಳಿ ಯೋಗಕ್ಕೆ ಹೋಗುತ್ತಿದ್ದ. ಏಕಾಂತಯ್ಯ ನಿವೃತ್ತ ಸಂಸ್ಕೃತ ಮೇಷ್ಟ್ರು. ೧೯೭೬ರಲ್ಲಿ ಅವರು ಹೆಂಗಸರಿಗೂ ಭಾನುವಾರದ ಪಾಠ ಶುರುಮಾಡಿದಾಗ ಜಯದೇವಿ ಸೇರಿಕೊಂಡಳು. ಗಂಡನಿಗೆ ಇಷ್ಟವಾದದ್ದನ್ನು ತಾನೂ ಕಲಿತರೆ ಹತ್ತಿರವಾದೇನೆಂಬ ಆಸೆ.

"ಯೋಗ ಅಂದ್ರೆ ಕೈಕಾಲು ತಿರುಗಿಸೋದಲ್ಲ. ಮೊದಮೊದಲು ಈ ಮಾತಿಗೆ ಬಂಡಿಗೆ ಪ್ರಾಣಿ ಹೂಡೋದು ಅಂತ ಅರ್ಥ ಇತ್ತು," ಎಂದರು ಏಕಾಂತಯ್ಯ. "ಆಮೇಲೆ ಋಷಿಗಳು ಮನಸ್ಸನ್ನೇ ಹೂಡಿದ್ರು. ಆಸನ ಬರೋದು ಮೂರನೇದಾಗಿ. ಅದಕ್ಕೆ ಮುಂಚೆ ಯಮ, ನಿಯಮ. ಯಮ ಅಂದ್ರೆ ಇನ್ನೊಬ್ಬರ ಜೊತೆ ಹೇಗಿರಬೇಕು ಅನ್ನೋ ಕಟ್ಟು. ಅಹಿಂಸೆ, ಸತ್ಯ, ಕದಿಯದೆ ಇರೋದು, ಬ್ರಹ್ಮಚರ್ಯ, ಕೂಡಿಹಾಕದೆ ಇರೋದು."

ಜಯದೇವಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಪಾಠ ಮುಗಿದು ಎಲ್ಲರೂ ಎದ್ದಾಗ ಅವರು ಅವಳನ್ನು ನಿಲ್ಲಿಸಿ ಕೈಮುಗಿದರು.

"ನಿಮ್ಮಂಥೋರು ಅಪರೂಪ ಕಣಮ್ಮ. ಗಂಡನ ಬ್ರಹ್ಮಚರ್ಯದ ವ್ರತಕ್ಕೆ ಮದುವೆಗೆ ಮುಂಚೆನೇ ಒಪ್ಪಿಗೆ ಕೊಟ್ರಲ್ಲ!"

"ಯಾರು ಹೇಳಿದ್ದು?"

"ಚನ್ನಮಲ್ಲಪ್ಪಾನೇ. ಹುಡುಗಿ ಒಪ್ಪಿದ್ರೆ ಮಾತ್ರ ಮದುವೆ ಆಗು ಅಂದಿದ್ದೆ. ಒಪ್ಪಿದ್ದಾಳೆ ಅಂದ."

ಅವಳ ಮುಖ ನೋಡಿ ಅವರ ಕೈ ಕೆಳಗಿಳಿಯಿತು. "ಅಯ್ಯೋ ತಾಯಿ," ಎಂದಷ್ಟೇ ಅಂದರು.

ಮನೆವರೆಗೂ ನಡೆದೇ ಬಂದಳು. ಶಿವಗಂಗಮ್ಮ ಒಲೆಯ ಮುಂದಿದ್ದರು.

"ಅವರ ವ್ರತದ ವಿಷಯ ನಿಮಗೆ ಗೊತ್ತಿತ್ತಾ?"

ಅತ್ತೆ ಒಲೆಗೆ ಇನ್ನೊಂದು ಸೌದೆ ತಳ್ಳಿದರು. "ಮದುವೆ ಆದ್ರೆ ಸರಿಹೋಗ್ತಾನೆ ಅಂದ್ಕೊಂಡಿದ್ವಿ."

"ಮತ್ತೆ ಕಷಾಯ ಯಾಕೆ ಕುಡಿಸಿದ್ರಿ?"

"ನೋಡೋರು ನನ್ನ ಮಗನ ಮೇಲೆ ಅನುಮಾನ ಪಡಬಾರದಲ್ಲ."

ಜಯದೇವಿಗೆ ಅಳು ಬರಲಿಲ್ಲ. ಕಷಾಯದ ಪಾತ್ರೆ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು.

ಸಂಜೆ ಚನ್ನಮಲ್ಲಪ್ಪ ಧ್ಯಾನಕ್ಕೆ ಕೂತಿದ್ದಾಗ ಅವಳು ಎದುರಿಗೆ ಬಂದು ಕೂತಳು. "ನನ್ನ ಕೇಳಿದ್ರಾ ನೀವು?"

ಅವನಿಗೆ ತಿಳಿಯಿತು. "ಮದುವೆ ಆಗದಿದ್ರೆ ಸಾಯ್ತೀನಿ ಅಂದ್ಲು ಅಮ್ಮ, ಜಯಾ. ಬೇರೆ ದಾರಿ ಇರಲಿಲ್ಲ. ಇದು ಸಾವಿರಾರು ವರ್ಷದ ಸಾಧನೆ, ನಿನಗೂ ಪುಣ್ಯ."

"ಬ್ರಹ್ಮಚರ್ಯ ನಾಲ್ಕನೇದು ಕಣ್ರೀ. ಅದಕ್ಕಿಂತ ಮುಂಚೆ ಇನ್ನೂ ಮೂರಿವೆ. ನನ್ನ ನೋಯಿಸಿದ್ರಿ, ಸುಳ್ಳು ಹೇಳಿದ್ರಿ, ಮೂರು ವರ್ಷ ಕದ್ರಿ. ನಾನು ಹಾಳು ಕಷಾಯ ಕುಡೀತಿದ್ದಾಗ ಯೋಗ ಮುಗಿಸಿ ಬಂದು ನೋಡ್ತಿದ್ರಲ್ಲ!"

ಅವನು ನಿಧಾನವಾಗಿ ಉಸಿರೆಳೆದು ಕಣ್ಣು ಮುಚ್ಚಿದ.

"ಕಣ್ಣು ತೆಗೀರಿ."

ತೆಗೆಯಲಿಲ್ಲ. ಮಾತಿಗೆ ಮಾತು ಕೊಟ್ಟು ಜಗಳವಾಡಿದ್ದರೆ ಅವಳು ಉಳಿಯುತ್ತಿದ್ದಳೇನೋ. ಮಾರನೆಯ ದಿನ ಟ್ರಂಕು ಹಿಡಿದು ದಾವಣಗೆರೆಯ ಬಸ್ಸು ಹತ್ತಿದಳು. ತವರಿನಲ್ಲಿ, "ಕುಡುಕನಲ್ಲ, ಹೊಡೆಯೋನಲ್ಲ, ಇನ್ನೇನು ಬೇಕು?" ಎಂದರು. ತಿಂಗಳಲ್ಲೇ ಬೆಂಗಳೂರಿಗೆ ವಾಪಸು ಬಂದಳು. ಏಕಾಂತಯ್ಯನವರೇ ಓಡಾಡಿ ಗೋವಿಂದರಾಜನಗರದ ಒಂದು ಪ್ರೈಮರಿ ಶಾಲೆಯಲ್ಲಿ ಕೆಲಸ ಕೊಡಿಸಿದರು. ಚನ್ನಮಲ್ಲಪ್ಪನಿಗೆ ಇನ್ನು ಬರಬೇಡ ಎಂದರು. ಅವನು ಕುರುಬರಹಳ್ಳಿಯಲ್ಲಿ ಸ್ವಂತ ಯೋಗಶಾಲೆ ತೆರೆದ.

ಎರಡು ವರ್ಷದ ಮೇಲೆ, ಸ್ಟಾಫ್ ರೂಮಿನಲ್ಲಿ ಮುನಿಲಕ್ಷ್ಮಮ್ಮ ಟೀಚರ್ ಹೇಳಿದರು: "ಕುರುಬರಹಳ್ಳಿಲಿ ಒಬ್ಬರು ಗುರುಗಳಿದ್ದಾರೆ ಕಣ್ರೀ. ಯೋಗಕ್ಕೋಸ್ಕರ ಕಟ್ಕೊಂಡ ಹೆಂಡ್ತೀನೇ ತ್ಯಾಗ ಮಾಡಿದ್ರಂತೆ. ಬನ್ನಿ, ಭಾನುವಾರ ಹೋಗೋಣ."

ಜಯದೇವಿ ತಿದ್ದುತ್ತಿದ್ದ ಕಾಪಿ ಪುಸ್ತಕವನ್ನು ಮುಚ್ಚಿದಳು.

"ಅವರು ಬಿಟ್ಟಿದ್ದಲ್ಲ ಟೀಚರ್. ಬಿಟ್ಟು ಬಂದವಳು ನಾನು," ಎಂದಳು.